ಜಗಳೂರಿನಿಂದ ತಂದ ಕಾರು

ಯುದ್ಧ ಶುರುವಾಗಿ ಪೆಟ್ರೋಲಿಗೆ ಕೂಪನ್ನು ಬಂದ ಮೇಲೆ, ಹೊನ್ನಾಳಿ–ನ್ಯಾಮತಿ ನಡುವೆ ಓಡುತ್ತಿದ್ದ ಬಸ್ಸಿನ ಮಾಲೀಕರು ಪೆಟ್ರೋಲಿನ ಬದಲು ಇದ್ದಿಲು ಗ್ಯಾಸಿನ ಡಬ್ಬಿ ಹಾಕಿಸುವ ಗೋಜಿಗೆ ಹೋಗದೆ ಬಸ್ಸಿಗೆ ಬೀಗ ಹಾಕಿದರು. ಅದರ ಡ್ರೈವರು ನಮ್ಮ ಯಜಮಾನರು. ಕೆಲಸ ಹೋದವರು ಹೊನ್ನಾಳಿಯ ನಮ್ಮ ಮನೆಯ ಹೆಂಚು ಹೊಂದಿಸಿದರು, ಬಚ್ಚಲಿನ ಕಲ್ಲು ಎಬ್ಬಿಸಿ ಸರಿಯಾಗಿ ಕೂರಿಸಿದರು, ಬೀಸುವ ಕಲ್ಲಿಗೆ ಹೊಸ ಗೂಟ ಹೊಡೆದರು. ರಿಪೇರಿಗೆ ಏನೂ ಉಳಿಯದಾದಾಗ ಜಗುಲಿಯ ಮೇಲೆ ಕೂತರು.

ಆಗ ದಾವಣಗೆರೆಯಲ್ಲಿ ಪಟಾಲಮ್ಮಿಗೆ ಡ್ರೈವರುಗಳನ್ನು ಸೇರಿಸಿಕೊಳ್ಳುತ್ತಿದ್ದರು. ಲಾರಿ ಓಡಿಸಲು ಬಂದರೆ ಸಾಕು, ಹಡಗು ಹತ್ತಿಸಿಬಿಡುತ್ತಾರೆ ಎಂದು ಸುದ್ದಿ. ನಮ್ಮ ಬೀದಿಯವನೇ ಒಬ್ಬ ಹೋಗಿದ್ದ. ಅವನ ಹೆಂಡತಿಗೆ ಸಂಬಳ ಬರುತ್ತಿತ್ತು, ಕಾಗದ ಬರುತ್ತಿರಲಿಲ್ಲ.

“ನಾನೂ ಹೋಗಿಬಿಡ್ತೀನಿ” ಎಂದು ಇವರು ಒಂದು ದಿನ ರೊಟ್ಟಿ ಮುರಿಯುತ್ತ ಅಂದರು, ಸಂತೆಗೆ ಹೊರಟವರ ಹಾಗೆ. ಹಂಚಿನ ಮೇಲಿನ ರೊಟ್ಟಿ ಕರಕಾಗುವವರೆಗೂ ನನಗೆ ಕೈ ಆಡಲಿಲ್ಲ.

ಜಗಳೂರಿನಲ್ಲಿದ್ದ ನನ್ನ ತಮ್ಮ ಬಂದು ಹಳೇ ಕಾರಿನ ಸುದ್ದಿ ಹೇಳಿದ್ದು ಅದೇ ವಾರ. ಹತ್ತಿ ವ್ಯಾಪಾರದ ಮನೆಯವರದು, ಕ್ಯಾನ್ವಾಸ್ ಟಾಪಿನದು, ವರ್ಷದಿಂದ ನಿಂತೇ ಇದೆ, ಕೊಡುತ್ತಾರಂತೆ. “ಬಾಡಿಗೆ ಕಾರಿಗೆ ಅಷ್ಟೋ ಇಷ್ಟೋ ಕೂಪನ್ ಕೊಡ್ತಾರೆ ಭಾವಾ. ಮದುವೆ ಕಾಲದಾಗೆ ಗಂಡು ಹೆಣ್ಣಿನ ಮೆರವಣಿಗೆ ಹೊಡೆದ್ರೆ ವರ್ಷದ ಜೋಳಕ್ಕೆ ಚಿಂತಿಲ್ಲ” ಅಂದ. ಮೂವರೂ ಜಗಳೂರಿಗೆ ಹೋದೆವು.

ಇವರು ಆ ಕಾರನ್ನು ನೋಡಿದ ರೀತಿ ಈಗಲೂ ಕಣ್ಣ ಮುಂದಿದೆ. ಬಾನೆಟ್ಟು ಎತ್ತಿ ಎಣ್ಣೆಯನ್ನು ಬೆರಳಿನಲ್ಲಿ ಉಜ್ಜಿ ಮೂಸಿದರು. ಗಾಲಿಯ ಮರದ ಕಡ್ಡಿಗಳನ್ನು ಒಂದೊಂದಾಗಿ ಸ್ಪ್ಯಾನರಿನಿಂದ ತಟ್ಟಿ ಕಿವಿಗೊಟ್ಟರು. ಜಗಳೂರಿನ ಒಣ ಹವೆಗೆ ಮರ ಒಣಗಿ ಕಡ್ಡಿ ಸಡಿಲವಾಗಿದ್ದವು. ಒದ್ದೆ ಗೋಣಿ ಸುತ್ತಿದರೆ ಮತ್ತೆ ಉಬ್ಬಿ ಬಿಗಿಯುತ್ತವೆ ಎಂದರು. ಕೆಳಗೆ ಚಾಪೆ ಹಾಸಿಕೊಂಡು ಮಲಗಿ ಸ್ಪ್ರಿಂಗಿನ ಪಟ್ಟಿಗಳನ್ನು ಮುಟ್ಟಿ ನೋಡಿದರು.

“ಏನ್ ಭಾವಾ, ಎಮ್ಮೆ ಕೊಳ್ಳಾಕೆ ಬಂದಂಗೈತೆ! ಹಲ್ಲು ನೋಡೋದೊಂದು ಬಾಕಿ” ಎಂದ ತಮ್ಮ.

“ಎಮ್ಮೆ ಆದ್ರೆ ಒದ್ದು ಹೇಳ್ತೈತೆ. ಇದು ನಡುದಾರ್‍ಯಾಗೆ ನಿಂತು ಹೇಳ್ತೈತೆ” ಎಂದು ಕೆಳಗಿನಿಂದಲೇ ಉತ್ತರ ಬಂತು. ಆಮೇಲೆ ಹ್ಯಾಂಡಲ್ ತಿರುವಿದರು. ಎರಡನೇ ಸುತ್ತಿಗೆ ಎಂಜಿನ್ ಎದ್ದಿತು. ಎಷ್ಟೋ ದಿನದ ಮೇಲೆ ಅವರ ಮುಖದಲ್ಲಿ ನಗು ಕಂಡೆ.

ನಾನು ಹಿಂದಿನ ಸೀಟಿನಲ್ಲಿ ಕೂತು ನೋಡುತ್ತಿದ್ದೆ. ತಲೆಯ ಮೇಲೆ, ಟಾಪಿನ ಕಬ್ಬಿಣದ ಕಂಬಿಗೆ ಬಿಳಿ ಬಟ್ಟೆಯ ಒಂದು ಗಂಟು ಇತ್ತು. ಗಂಟು ಬಿಚ್ಚಲಾಗದೆ, ಅದನ್ನು ಅಲ್ಲೇ ಬಿಟ್ಟು ಉಳಿದ ಬಟ್ಟೆಯನ್ನು ಕತ್ತರಿಸಿ ತೆಗೆದಿದ್ದರು. ಮಡಿಕೆಯಲ್ಲಿ ವಿಭೂತಿ. ಮಜ್ಜಿಗೆ ತಂದುಕೊಟ್ಟ ಆ ಮನೆಯ ಮುದುಕಿಯನ್ನು “ಇದೇನು ಅವ್ವಾ?” ಎಂದು ಕೇಳಿದೆ.

“ಅದು ಬಿಚ್ಚಾಕೆ ಬರಾಂಗಿಲ್ಲ ತಾಯಿ, ನಾನೂ ನೋಡೀನಿ” ಅಂದಳು. “ನನ್ನ ಮಗ ಹೆಂಡ್ತಿ ಮನಿಗೆ ಅಂತ ಚನ್ನಗಿರಿಗೆ ಹೋಗಿದ್ದ. ಜ್ವರ ಬಂದು ಹೋಗಿಬಿಟ್ಟ. ನಮ್ಮೋರಾಗೆ ಮಲಗಿಸಿ ತರಾಂಗಿಲ್ಲವಲ್ಲ, ಕುಂದ್ರಿಸೇ ತರಬೇಕು. ವಾಲಿ ಬಿದ್ದಾನು ಅಂತ ಎದಿಗೆ ಪಂಜೆ ಹಾಕಿ ಆ ಕಂಬಿಗೆ ಕಟ್ಟಿದ್ರು. ಚನ್ನಗಿರಿಯಿಂದ ಇಲ್ಲೀಗಂಟ ನಾನು ಪಕ್ಕದಾಗೆ ಕುಂತು ಹಿಡಕೊಂಡಿದ್ದೆ. ಕೊರಳಾಗೆ ಹಾರ ಇತ್ತಲ್ಲ, ಮದುವಣಿಗ ಅಂದ್ಕೊಂಡು ಹುಡುಗ್ರು ಕೂಗ್ತಾ ಹಿಂದೆ ಓಡಿ ಬಂದ್ವು.”

ಅವನು ಕೂತಿದ್ದ ಜಾಗದಲ್ಲಿ ನಾನು ಕೂತಿದ್ದೆ. ಆ ತಾಯಿಯ ಎದುರು ಥಟ್ಟನೆ ಏಳಲೂ ಆಗಲಿಲ್ಲ.

ಇವರನ್ನು ಪಕ್ಕಕ್ಕೆ ಕರೆದು ಎಲ್ಲ ಹೇಳಿದೆ. ಅವರು ಬಹಳ ಹೊತ್ತು ಕೈ ಒರೆಸಿಕೊಂಡರು.

“ಬ್ಯಾಡ. ಎಂಜಿನ್ ಬಂಗಾರದಂಗೈತೆ, ಆದ್ರೆ ಮದುವೆಯೋರು ಹತ್ತಾಕೆ ಮುಂಚೆ ಕೇಳೋದೇ ಅದೊಂದು ಮಾತು. ಹೊಸಾ ಗಂಡು ಹೆಣ್ಣಿನ ಮುಂದೆ ನಿಂತು ಹೆಂಗೆ ಸುಳ್ಳು ಹೇಳ್ಲಿ? ದಾವಣಗೆರ್‍ಯಾಗೆ ಇಳಿದು ಹೆಸರು ಬರೆಸಿಬಿಡ್ತೀನಿ. ನೀನು ಊರಿಗೆ ಹೋಗು.”

ನಾನು ಅವರ ಅಂಗಿಯನ್ನು ಹಿಡಿದುಕೊಂಡೆ. “ತಗಳ್ರಿ. ಜಗಳೂರೆಲ್ಲಿ, ಹೊನ್ನಾಳಿ ಎಲ್ಲಿ. ಕೇಳಿದ್ರೆ ಸುಮ್ಮನಿರ್ರಿ. ಸುಮ್ಮನಿರೋದೇನು ಸುಳ್ಳಲ್ಲ.”

ನನ್ನ ಎರಡೆಳೆ ಸರ ಹೋಯಿತು, ಕಾರು ಬಂತು. ಗಂಟಿಗೆ ಎಣ್ಣೆ ಹಚ್ಚಿ ದಬ್ಬಣದಿಂದ ಬಿಡಿಸಿ ಹೊಳೆಗೆ ಬಿಟ್ಟೆ. ಸೀಟಿಗೆ ಹಾಲು ಚಿಮುಕಿಸಿದೆ. ನಾಲ್ಕು ಗಾಲಿಗೂ ನಿಂಬೆಹಣ್ಣು ಇಟ್ಟೆವು.

ಮೊದಲ ಬಾಡಿಗೆ ನ್ಯಾಮತಿಯಲ್ಲಿ ಒಂದು ಮದುವೆ. ಮನೆಯಲ್ಲಿ ಕೂರಲಾರದೆ ನಾನೂ ಹೋದೆ. ಬಾನೆಟ್ಟಿಗೆ ಹಾರ ಹಾಕಿದ್ದರು, ವಾಲಗದವರು ಮುಂದೆ ನಿಂತಿದ್ದರು. ಹುಡುಗಿಯ ಸೋದರಮಾವ ಕಾರಿಗೆ ಒಂದು ಸುತ್ತು ಬಂದ.

“ಹೊಳಪೇನೋ ಐತೆ ಡ್ರೈವರಪ್ಪಾ. ಒಳಗೆ ಎಂಜಿನ್ ಐತೋ, ಎತ್ತು ಕಟ್ಟಬೇಕೋ?”

ಎಲ್ಲರೂ ನಕ್ಕರು, ಇವರೂ ನಕ್ಕರು. ಅದೇ ನಗುವಿನಲ್ಲಿ ಅವನು, “ಹೆಣಗಿಣ ಹೊತ್ತಿಲ್ಲ ತಾನೆ?” ಎಂದ.

ಅನುಮಾನದಿಂದ ಕೇಳಿದ್ದಲ್ಲ, ವಾಡಿಕೆಗೆ ಕೇಳಿದ್ದು. ಇಲ್ಲ ಅಂದುಬಿಟ್ಟಿದ್ದರೆ ಮೆರವಣಿಗೆ ಹೊರಡುತ್ತಿತ್ತು. ಇವರು ಗುಂಪಿನಲ್ಲಿ ನನ್ನನ್ನು ಹುಡುಕಿ ನೋಡಿದರು. ಹೇಳ್ರಿ, ಇಲ್ಲ ಅನ್ರಿ ಎಂದು ನಾನು ಕಣ್ಣಲ್ಲೇ ಬೇಡಿಕೊಂಡೆ. ಅವರು ಬಾಯಿ ತೆರೆದರು, ಮುಚ್ಚಿದರು, ಸ್ಟೀರಿಂಗ್ ನೋಡುತ್ತ ಕೂತರು.

“ಬಾಯಿ ಬಿಡು ಮಾರಾಯಾ!”

ಸುಮ್ಮನಿರುವುದೂ ಉತ್ತರವೇ ಆಗುತ್ತದೆ ಎಂದು ನಾನು ಯೋಚಿಸಿರಲಿಲ್ಲ. ಫುಟ್‌ಬೋರ್ಡಿನ ಮೇಲೆ ಕಾಲಿಟ್ಟಿದ್ದ ಮದುವಣಿಗ ಕಾಲು ತೆಗೆದ. ಅಜ್ಜಿಯೊಬ್ಬಳು ಮದುವಣಗಿತ್ತಿಯ ರಟ್ಟೆ ಹಿಡಿದು ಹಿಂದಕ್ಕೆ ಎಳೆದಳು. ಯಾರೋ ಬಾನೆಟ್ಟಿನ ಹಾರ ಬಿಚ್ಚಿಕೊಂಡು ಹೋಗಿ ಎತ್ತಿನ ಗಾಡಿಗೆ ಕಟ್ಟಿದರು.

ಮುಂದಿನ ಸಂತೆಯ ಹೊತ್ತಿಗೆ ಸುದ್ದಿ ಹೊನ್ನಾಳಿ ತುಂಬ ಹರಡಿತ್ತು. ಮದುವೆ ಕಾಲ ಹಾಗೇ ಕಳೆಯಿತು. ಕಾಯಿಲೆಯವರು ಕೂಡ ಗಾಡಿ ಕಟ್ಟಿಸಿಕೊಂಡು ಹೋಗುತ್ತಿದ್ದರೇ ಹೊರತು ನಮ್ಮ ಬಾಗಿಲಿಗೆ ಬರಲಿಲ್ಲ. ಇವರು ಗಾಲಿಗೆ ಸುತ್ತಿದ ಗೋಣಿಗೆ ದಿನಾ ನೀರು ಹಾಕುತ್ತಿದ್ದರು. ಆಮೇಲೆ ಅದನ್ನೂ ಬಿಟ್ಟರು. ಒಂದು ಬೆಳಿಗ್ಗೆ, “ಖಾಕಿ ಅಂಗಿ ಒಗೆದು ಹಾಕು, ನಾಳೆ ದಾವಣಗೆರೆಗೆ ಹೋಗ್ತೀನಿ” ಅಂದರು. ಒಗೆದೆ. ಹಿಂಡದೆ ಹಾಕಿದೆ, ತಡವಾಗಿ ಒಣಗಲಿ ಎಂದು. ಎಂಥ ಹುಚ್ಚು ಆಸೆ.

ಅವತ್ತೇ ಮಧ್ಯಾಹ್ನ ಹತ್ತಿರದ ಹಳ್ಳಿಯ ರೈತನೊಬ್ಬ ಸೈಕಲ್ಲು ತುಳಿದುಕೊಂಡು ಬಂದ. ಮೈಯೆಲ್ಲ ಬೆವರು. ಅವನ ತಂದೆ ಚನ್ನಗಿರಿಯಲ್ಲಿ ಮಗಳ ಮನೆಯಲ್ಲಿ ತೀರಿಕೊಂಡಿದ್ದರು. ಊರಿನ ಹೊಲದಲ್ಲೇ ಮಣ್ಣು ಮಾಡಬೇಕು, ಆ ಬಿಸಿಲಿಗೆ ಗಾಡಿಯಲ್ಲಿ ತರುವಂತಿಲ್ಲ.

“ಬ್ಯಾರೆ ಕಾರಿನೋರು ಒಪ್ಪಲಿಲ್ಲಣ್ಣಾ. ನಿಮ್ಮದಾದ್ರೆ ಹೆಂಗೂ…” ಎಂದು ತಡೆದ.

“ಹೆಂಗೂ ಏನು?” ಇವರು ಎದ್ದು ನಿಂತರು. “ನನ್ನ ಕೈಗೆ ಬಂದ ಮ್ಯಾಲೆ ಹೊತ್ತಿಲ್ಲ ಅದು!” ಆಮೇಲೆ ಒಳಗೆ ಬಂದು, ದನಿ ಇಳಿಸಿ, “ಈಗ ಹೋದ್ರೆ ಮುಗೀತು ನೋಡು. ಇನ್ಯಾವತ್ತೂ ಮದುವಣಿಗ ಹತ್ತಾಂಗಿಲ್ಲ. ಊರೂರಿಂದ ಹೆಣ ತರೋನು ಆಗಿಬಿಡ್ತೀನಿ” ಅಂದರು.

“ಆಗ್ರಿ” ಅಂದೆ. “ಮನಿಗೆ ಬರ್ತೀರಲ್ಲ.”

ಅವರು ನನ್ನ ಮುಖ ನೋಡಲಿಲ್ಲ. ಹ್ಯಾಂಡಲ್ ತೆಗೆದುಕೊಂಡು ಹೊರಟವರು ಹೊಸ್ತಿಲ ಆಚೆ ನಿಂತು, “ಹಿತ್ತಿಲಿಂದ ಬರ್ತೀನಿ. ನೀರು ಕಾಸಿಡು” ಅಂದರು.

ಚನ್ನಗಿರಿಗೆ ಹೋಗಿ ಬರಲು ಹೊತ್ತು ಮುಳುಗುತ್ತದೆ ಎಂದು ಗೊತ್ತಿತ್ತು. ಆದರೂ ಕಾರಿನ ಸದ್ದು ಬೀದಿ ದಾಟುವ ಮೊದಲೇ ಹಂಡೆ ತುಂಬಿಸಿ ಒಲೆ ಹಚ್ಚಿದೆ.