ಅಣ್ಣಮ್ಮ ಆರಿಸಿದ ಬ್ರಷ್ಷು

ಕ್ಯಾತನಹಳ್ಳಿಯ ಅಣ್ಣಮ್ಮ ತನ್ನ ಅರವತ್ತೆರಡು ವರ್ಷದ ಬಾಳಿನಲ್ಲಿ ಗಂಡಸರ ಸಾಮಾನು ಕೊಳ್ಳಲೆಂದು ಅಂಗಡಿಯ ಮೆಟ್ಟಿಲು ಹತ್ತಿದ್ದು ಎರಡೇ ಸಲ. ಆ ಎರಡು ಸಲವೂ ಒಂದೇ ವಾರದೊಳಗೆ, ಒಂದೇ ಅಂಗಡಿಗೆ, ಒಂದೇ ಸಾಮಾನಿಗೆ.

ಅವಳು ಹುಟ್ಟಿದ್ದು ಕೆ.ಆರ್. ಪೇಟೆ ಕಡೆಯ ಸಿಂಧಘಟ್ಟದಲ್ಲಿ. ಹತ್ತೊಂಬತ್ತಕ್ಕೆ ಕೆಂಪಣ್ಣನ ಕೈಹಿಡಿದು ಬಂದಾಗ ತವರಿನವರು ಇನ್ನೂ ಕರು ಹಾಕದ ಒಂದು ಕಡಸನ್ನು ಜೊತೆಗೆ ಕಳಿಸಿದ್ದರು. ಆ ಕಡಸಿನಿಂದ ಶುರುವಾದ ಅವಳ ಹೈನು ಇವತ್ತಿಗೂ ನಿಂತಿಲ್ಲ. ಬೆಳಗ್ಗೆ ಐದಕ್ಕೆ ಏಳುವುದು, ಉಗುರುಬೆಚ್ಚಗಿನ ನೀರಿನಲ್ಲಿ ಕೆಚ್ಚಲು ತೊಳೆಯುವುದು, ಹಾಲು ಕರೆದು ಡೈರಿಗೆ ಹಾಕುವುದು, ಬಂದವಳೇ ಕ್ಯಾನನ್ನು ಸೋಡಾಪುಡಿ ಹಾಕಿದ ಕುದಿನೀರಿನಲ್ಲಿ ಉಜ್ಜಿ ಬಿಸಿಲಿಗೆ ಬೋರಲು ಹಾಕುವುದು. ನಲವತ್ತಮೂರು ವರ್ಷದಲ್ಲಿ ಅವಳ ಹಾಲು ಕೆಟ್ಟಿತೆಂದು ಒಂದು ದಿನವೂ ವಾಪಸ್ಸು ಬಂದದ್ದಿಲ್ಲ. ಶುಚಿ ಮಾಡುವ ಕೆಲಸದಲ್ಲಿ ತನಗೆ ಯಾರೂ ಏನೂ ಹೇಳಿಕೊಡಬೇಕಾಗಿಲ್ಲ ಎಂಬ ಸಣ್ಣ ಹೆಮ್ಮೆ ಅವಳಿಗಿತ್ತು.

ಕೆಂಪಣ್ಣನಿಗೆ ಇದ್ದ ಹೆಮ್ಮೆ ಬೇರೆ. ಕಬ್ಬಿಗೆ ನೀರು ಕಟ್ಟಲು ಮೊಣಕಾಲುದ್ದ ಕೆಸರಿಗೆ ಇಳಿಯುವ ದಿನವೂ ಅವನು ಗಡ್ಡ ಹೆರೆದುಕೊಂಡೇ ಇಳಿಯುತ್ತಿದ್ದ. ಅವರ ಕಡೆ ಸಾವಿನ ಮನೆಯವರು ಹನ್ನೊಂದು ದಿನ ಗಡ್ಡ ಮುಟ್ಟುವುದಿಲ್ಲ. ಬೆಳೆದ ಗಡ್ಡ ಕಂಡರೆ ಎದುರಾದವರು ಮೊದಲು ಕೇಳುವುದು ಯಾರು ಹೋದರೆಂದು. ಆ ಪ್ರಶ್ನೆ ಸುಮ್ಮಸುಮ್ಮನೆ ಯಾಕೆ ಕೇಳಿಸಿಕೊಳ್ಳಬೇಕು ಎಂಬುದು ಅವನ ವಾದ.

ಹೋದ ವರ್ಷ ಸಂಕ್ರಾಂತಿ ಕಳೆದು ಎಂಟು ದಿನಕ್ಕೆ ಅವನಿಗೆ ಲಕ್ವ ಹೊಡೆಯಿತು. ಮೈಸೂರಿನ ಆಸ್ಪತ್ರೆಯಲ್ಲಿ ಹನ್ನೆರಡು ದಿನ ಇದ್ದು ಬಂದ. ಜೀವ ಉಳಿಯಿತು, ಮಾತು ತಡವರಿಸಿದರೂ ಉಳಿಯಿತು, ಬಲಗೈ ಮಾತ್ರ ತೊಡೆಯ ಮೇಲಿಟ್ಟಲ್ಲೇ ಬಿದ್ದಿರುತ್ತಿತ್ತು. ಕಳಿಸುವಾಗ ಡಾಕ್ಟರು ಒಂದು ಮಾತನ್ನು ಎರಡೆರಡು ಸಲ ಹೇಳಿದ್ದರು: ದಿನಾ ನಡೆಯಬೇಕು, ಬೀದಿಯ ಉದ್ದಕ್ಕೂ ನಡೆಯಬೇಕು, ಕೂತುಬಿಟ್ಟರೆ ಕಾಲೂ ಹೋಗುತ್ತದೆ.

ಕೆಂಪಣ್ಣ ಕೂತುಬಿಟ್ಟ. ಕಾರಣ ಗಡ್ಡ.

ಆಸ್ಪತ್ರೆಯಿಂದ ಬಂದ ವಾರದಲ್ಲೇ ಮಗ ನಿಂಗರಾಜು ಡಬ್ಬಿಯಿಂದ ನೊರೆ ಒತ್ತಿ ಅಪ್ಪನ ಕೆನ್ನೆಗೆ ಬಳಿದು ರೇಜರು ಆಡಿಸಿದ್ದ. ದವಡೆಯ ಕೆಳಗೆ ಒಂದು ಸಣ್ಣ ಗಾಯವಾಯಿತು. ರಕ್ತ ತೆಳುವಾಗಲೆಂದು ಕೊಟ್ಟ ಮಾತ್ರೆಯಿಂದಾಗಿ ಅದು ಅರ್ಧ ಗಂಟೆ ನಿಲ್ಲಲಿಲ್ಲ, ಟವಲು ಕೆಂಪಾಯಿತು. ಅಲ್ಲಿಂದ ಮುಂದೆ ಕೆಂಪಣ್ಣ ಯಾರಿಗೂ ಮುಖ ಕೊಡಲಿಲ್ಲ. ಕ್ಷೌರದಂಗಡಿಯ ಚಿಕ್ಕಯ್ಯ ತಾನೇ ಮನೆಗೆ ಬಂದು ಮಾಡಿಕೊಡುತ್ತೇನೆಂದರೆ ಎಡಗೈ ಎತ್ತಿ ನಮಸ್ಕಾರ ಹೇಳಿ ಕಳಿಸಿದ. ನಿಂಗರಾಜು ಕರೆಂಟಿನ ಮಿಷನ್ನು ತಂದ.

‘ಏನ್ಲಾ ಇದು, ಕುರಿ ತುಪ್ಪಟ ತೆಗೆಯಾದಾ?’

‘ಗಾಯ ಆಗಾಕಿಲ್ಲ ಕಣಪ್ಪ. ಸಲ್ಪ ಕೂದ್ಲು ಉಳೀತದೆ ಅಷ್ಟೆ.’

‘ಉಳಿಯಾದಾದ್ರೆ ಅದ್ನ ಯಾಕ್ಲಾ ತಂದೆ? ಈಗ್ಲೂ ಉಳ್ಕಂಡೇ ಅದೆ.’

ಹೀಗೆ ಏಳು ವಾರ ಆಯಿತು. ಬಿಳಿಯ ಗಡ್ಡ ಕೆನ್ನೆ, ಕುತ್ತಿಗೆಯನ್ನೆಲ್ಲ ಮುಚ್ಚಿತು. ಹಜಾರ ದಾಟಿ ಬೀದಿಗಿಳಿಯಲು ಅವನು ಒಪ್ಪಲಿಲ್ಲ. ಮಂಚದಿಂದ ಬಚ್ಚಲಿಗೆ ಹೋಗುವಾಗ ಬಲಗಾಲು ಮೊದಲಿಗಿಂತ ಹೆಚ್ಚು ಎಳೆಯುತ್ತಿರುವುದನ್ನು ಅಣ್ಣಮ್ಮ ನೋಡಿದಳು.

ಒಂದು ಬೆಳಗ್ಗೆ ಡೈರಿಯಿಂದ ಬಂದರೆ ಹಿತ್ತಲಿನ ಕಲ್ಲಿನ ಮೇಲೆ ಕೆಂಪಣ್ಣ ಕನ್ನಡಿ ಮುಂದಿಟ್ಟುಕೊಂಡು ಕೂತಿದ್ದಾನೆ. ಎಡಗೈಯಲ್ಲಿ ಹಳೆಯ ಪ್ಲಾಸ್ಟಿಕ್ ಬ್ರಷ್ಷು. ನಡುವೆ ಬೋಳಾಗಿ, ಸುತ್ತ ನಾಲ್ಕು ಕಡ್ಡಿ ಉಳಿದಿದ್ದ ಅದರಿಂದ ಎಷ್ಟು ತಿಕ್ಕಿದರೂ ನೊರೆ ಏಳುತ್ತಿಲ್ಲ. ಸಾಬೂನಿನ ನೀರು ಗಡ್ಡದಿಂದ ತೊಟ್ಟಿಕ್ಕಿ ಅಂಗಿ ನೆನೆದಿತ್ತು. ಅವನ ಕಣ್ಣಲ್ಲೂ ನೀರಿತ್ತು. ಅದು ಸಾಬೂನಿನ ಉರಿಯೋ ಬೇರೆಯೋ, ಅಣ್ಣಮ್ಮ ಅವನ ಕೈಯಿಂದ ಬ್ರಷ್ಷನ್ನು ತೆಗೆದುಕೊಂಡಳು.

‘ನಾ ಮಾಡ್ತೀನಿ ಕಣ್ರಿ.’

‘ನಿಂಗೆ ಬತ್ತದಾ?’

‘ಬ್ರಷ್ಷು ಚೆಂದಾಗಿದ್ರೆ ಬತ್ತದೆ. ಗಡ್ಡ ಮೆತ್ತಗಾದ್ರೆ ಕತ್ತಿ ಯಾಕೆ ಕಚ್ಚೀತು?’

ಕೆಂಪಣ್ಣ ಅವಳ ಕೈಯನ್ನು ನೋಡಿದ. ‘ಒಂದ್ಸಲ ನೋಡ್ತೀನಿ ಕಣಮ್ಮಿ. ರಕ್ತ ಬಂತಾ, ಇನ್ನು ಯಾರೂ ನನ್ನ ಕೇಳ್ಬ್ಯಾಡಿ. ಇಲ್ಲೇ ಬಿದ್ದಿರ್ತೀನಿ.’

ಸಿಕ್ಕಿದ್ದು ಒಂದೇ ಸಲದ ಅವಕಾಶ. ಮಧ್ಯಾಹ್ನವೇ ಅವಳು ಪಾಂಡವಪುರದ ಬಸ್ಸು ಹತ್ತಿದಳು.

ಬಸ್ ಸ್ಟ್ಯಾಂಡಿಗೆ ಹತ್ತಿರದ ಫ್ಯಾನ್ಸಿ ಸ್ಟೋರಿನಲ್ಲಿ ಸುನಿತಾ ಎಂಬ ಹೆಣ್ಣುಮಗಳು ವ್ಯಾಪಾರ ಮಾಡುತ್ತಾಳೆ. ಮನೆ ಅಂಗಡಿಯ ಹಿಂದೆಯೇ. ಬಳೆ, ರಿಬ್ಬನ್ನು ಬಿಟ್ಟರೆ ಗಂಡಸರ ಸಾಮಾನಿಗೂ ಒಂದು ಗೂಡಿದೆ.

‘ಯಾವ ಬ್ರಷ್ಷಮ್ಮ? ಹಲ್ಲಿಂದಾ, ಬಟ್ಟೇದಾ?’

‘ಗಡ್ಡದ್ದು ಕಣವ್ವ.’

ಸುನಿತಾ ನಕ್ಕು, ನಾಲ್ಕು ಬಗೆಯವನ್ನು ಮೇಜಿನ ಮೇಲೆ ಹರಡಿದಳು. ‘ಇದು ನೈಲಾನು. ಇದು ಹಂದಿ ಕೂದಲು. ಇದು ಪರದೇಶದ ಯಾವುದೋ ಪ್ರಾಣೀದಂತೆ, ರೇಟು ಕೇಳಬೇಡಿ. ಇದು ಮಿಕ್ಸು. ಕುದುರೆ ಬಾಲದ್ದೂ ಹಂದೀದೂ ಸೇರಿಸಿ ಕಟ್ಟಿರೋದು.’

‘ಒಂದ್ಲೋಟ ನೀರು ಕೊಡು.’

‘ಕುಡಿಯೋಕಾ?’

‘ಅಲ್ಲ, ಇವ್ನ ನೆನಸ್ಬೇಕು. ಒಣಗಿರೋವಾಗ ಎಲ್ಲಾ ಒಂದೇ.’

ಒಂದೊಂದನ್ನೇ ಅದ್ದಿ, ಕೊಡವಿ, ಮಣಿಕಟ್ಟಿನ ಒಳಭಾಗಕ್ಕೆ ಸವರಿ ನೋಡಿದಳು. ಕರುವಿಗೆ ಹಾಲು ಕುಡಿಸುವ ಮೊದಲು ಅದರ ಬಿಸಿ ನೋಡುವುದು ಅವಳು ಅಲ್ಲಿಯೇ. ನೈಲಾನು ಪೊರಕೆ ಕಡ್ಡಿಯ ಹಾಗೆ ಗೀರಿತು, ನೀರನ್ನೂ ಹಿಡಿಯಲಿಲ್ಲ. ಹಂದಿಯದು ನೀರು ಹಿಡಿಯಿತು, ಆದರೆ ತುದಿ ಇನ್ನೂ ಚುಚ್ಚುತ್ತಿತ್ತು. ಪರದೇಶದ್ದು ಎಳೆಗರುವಿನ ಕಿವಿಯಷ್ಟು ಮೆತ್ತಗೆ. ಅದರ ಬೆಲೆಗೆ ಒಂದು ಮೂಟೆ ಬೂಸ ಬರುತ್ತಿತ್ತು. ಅಲ್ಲದೆ ಒತ್ತಿದರೆ ಮಲಗಿಬಿಡುತ್ತಿತ್ತು, ಏಳು ವಾರದ ಗಡ್ಡದ ಬುಡಕ್ಕೆ ಅದು ಇಳಿಯುವ ಹಾಗೆ ಕಾಣಲಿಲ್ಲ. ಮಿಕ್ಸಿನದನ್ನು ಮಣಿಕಟ್ಟಿಗೆ ಸವರಿ, ಆಮೇಲೆ ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು ತನ್ನ ಕೆನ್ನೆಗೇ ಸುತ್ತಿದಳು. ಕುದುರೆಯ ಕೂದಲು ಸವರಿತು, ಹಂದಿಯ ಕೂದಲು ಅದನ್ನು ಎತ್ತಿ ಹಿಡಿಯಿತು. ನೀರು ಜಾರಿಹೋಗದೆ ಒಳಗೇ ನಿಂತಿತ್ತು. ಮರದ ಹಿಡಿಯೂ ದಪ್ಪವಾಗಿ ಕೈತುಂಬ ಇತ್ತು.

‘ಇದೇ ಇರ್ಲಿ’ ಎಂದಳು. ಚೀಲದಲ್ಲಿದ್ದ ಹಣಕ್ಕೆ ಅದು ಸರಿಹೋಯಿತು.

ತಪ್ಪಾದದ್ದು ಮನೆಗೆ ಬಂದ ಮೇಲೆ. ಹೊಸ ಬ್ರಷ್ಷು ಪ್ರಾಣಿಯ ವಾಸನೆ ಹೊಡೆಯುತ್ತಿತ್ತು. ಲಕ್ವ ಹೊಡೆದ ಮನುಷ್ಯನ ಮುಖಕ್ಕೆ ತಾಕುವ ವಸ್ತು, ಅಂಗಡಿಯಲ್ಲಿ ಎಷ್ಟು ಜನ ಮುಟ್ಟಿದ್ದಾರೋ. ಅಣ್ಣಮ್ಮ ಹಿಂದೆಮುಂದೆ ಯೋಚಿಸಲಿಲ್ಲ. ಹಾಲಿನ ಕ್ಯಾನಿಗೆ ಮಾಡುವುದನ್ನೇ ಅದಕ್ಕೂ ಮಾಡಿದಳು. ಪಾತ್ರೆಗೆ ಹಾಕಿ, ಒಂದು ಹಿಡಿ ಸೋಡಾಪುಡಿ ಸುರಿದು, ಚೆನ್ನಾಗಿ ಒಂದು ಕುದಿ ಬರಿಸಿ, ಮುಚ್ಚಿಟ್ಟು ಹಾಲು ಕರೆಯಲು ಹೋದಳು. ಬಂದು ನೋಡಿದ ನಿಂಗರಾಜು ಅಡುಗೆಮನೆಯಿಂದಲೇ ಕೂಗಿದ:

‘ಏನವ್ವ ಇದು, ಪಾತ್ರೇಲಿ ಇಲಿ ಬೆಂದದೆ!’

ಕೂದಲೆಲ್ಲ ಹಿಡಿಯಿಂದ ಬಿಟ್ಟುಕೊಂಡು ನೀರಿನ ಮೇಲೆ ತೇಲುತ್ತಿತ್ತು. ಅಣ್ಣಮ್ಮ ಸೆರಗು ಬಾಯಿಗೆ ಒತ್ತಿಕೊಂಡು ನಿಂತಳು. ‘ಮೆಲ್ಲಗೆ ಮಾತಾಡ್ಲಾ. ನಿಮ್ಮಪ್ಪಂಗೆ ಕೇಳಿಸ್ಗೀಳಿಸಾತು.’

ಮೂರನೆಯ ದಿನ ಬರಿಯ ಹಿಡಿಯನ್ನು ಚೀಲದಲ್ಲಿಟ್ಟುಕೊಂಡು ಮತ್ತೆ ಪಾಂಡವಪುರಕ್ಕೆ ಹೋದಳು. ಅಂಗಡಿಯಲ್ಲಿ ಸುನಿತಾಳ ಜೊತೆ ಅವಳ ಮಾವ ಶ್ರೀಕಂಠಯ್ಯನವರೂ ಇದ್ದರು. ಶ್ರೀರಂಗಪಟ್ಟಣದ ಹೈಸ್ಕೂಲಿನಲ್ಲಿ ಮೇಷ್ಟ್ರಾಗಿದ್ದು ನಿವೃತ್ತರಾದವರು. ಮಡಿಪಂಚೆ, ಹಣೆಯಲ್ಲಿ ಗಂಧ. ಅಣ್ಣಮ್ಮ ನಡೆದದ್ದನ್ನು ಮುಚ್ಚಿಡದೆ ಹೇಳಿದಳು.

‘ಕುದಿಸಿದಿರಾ?’ ಎಂದವರೇ ಶ್ರೀಕಂಠಯ್ಯನವರು ಕೆಮ್ಮು ಬರುವಷ್ಟು ನಕ್ಕರು. ‘ಅಮ್ಮ, ಕೂದಲನ್ನ ಬುಡದಲ್ಲಿ ಅಂಟು ಹಾಕಿ ಕೂರಿಸಿರ್ತಾರೆ. ಕುದಿಸಿದರೆ ಅಂಟು ಎಲ್ಲಿರತ್ತೆ? ಕೈ ತಾಳೋಷ್ಟು ಬಿಸಿನೀರು ಸಾಕು. ನಾಲ್ಕು ಸಲ ಸಾಬೂನು ಹಾಕಿ ತೊಳೆದರೆ ವಾಸನೆ ತಾನೇ ಹೋಗತ್ತೆ. ನಂದೂ ಇದೇ ಬ್ರಷ್ಷು, ಆರು ವರ್ಷ ಆಯ್ತು.’

‘ಹಂದಿ ಕೂದ್ಲು ಅದೆ ಅಂತಾರಲ್ಲ ಸ್ವಾಮಿ, ನಿಮಗೆ ಆಯ್ತದಾ?’

ಅವರು ಒಳಗಿನ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. ‘ಮನೆಯವಳಿಗೆ ಕುದುರೇದು ಅಂತ ಮಾತ್ರ ಹೇಳಿದೀನಿ. ಅರ್ಧ ನಿಜವೇ ತಾನೆ.’

‘ಅತ್ತೆಗೆ ಗೊತ್ತಿದೆ ಮಾವ. ಸುಮ್ಮನಿದಾರೆ ಅಷ್ಟೆ’ ಎಂದಳು ಸುನಿತಾ.

ಅಣ್ಣಮ್ಮ ಮತ್ತೊಂದು ಮಿಕ್ಸು ಬ್ರಷ್ಷನ್ನು ತೆಗೆದುಕೊಂಡಳು. ಆದರೆ ಕಾಲು ಮೆಟ್ಟಿಲು ಇಳಿಯಲಿಲ್ಲ. ‘ಸ್ವಾಮಿ, ಇದ್ರಲ್ಲಿ ನೊರೆ ಎಂಗೆ ಎಬ್ಬುಸ್ತಾರೆ? ನಂಗೆ ಒಂದೇ ಸಲ ಸಿಗಾದು. ತಪ್ಪಿದ್ರೆ ಅವರು ಮಂಚ ಬುಟ್ಟು ಏಳಾಕಿಲ್ಲ.’

ಶ್ರೀಕಂಠಯ್ಯನವರು ಒಳಗೆ ಹೋದರು. ತಮ್ಮ ಬ್ರಷ್ಷು, ಬಟ್ಟಲು, ಸಾಬೂನು, ಒಂದು ಪ್ಲಾಸ್ಟಿಕ್ ಸ್ಕೇಲು ಹಿಡಿದು ಬಂದು ಸ್ಟೂಲಿನ ಮೇಲೆ ಕೂತರು. ಹೆಗಲ ಮೇಲೆ ಟವಲು ಹಾಕಿಕೊಂಡು ಗಲ್ಲ ಎತ್ತಿದರು.

‘ಬನ್ನಿ. ನನ್ನ ಮೇಲೆ ಕಲೀರಿ. ಸ್ಕೇಲು ಕತ್ತಿ ಅಂದ್ಕೊಳ್ಳಿ.’

‘ಮಾವ, ನಿಮ್ಮ ಸ್ನಾನ ಆಗಿದೆ. ಸಂಧ್ಯಾವಂದನೆಯೂ ಆಯ್ತು’ ಎಂದಳು ಸುನಿತಾ. ಅವರ ಮನೆಯಲ್ಲಿ ಕ್ಷೌರದ ಸಾಮಾನು ಮುಟ್ಟಿದ ಮೇಲೆ ಮೀಯದೆ ದೇವರ ಮುಂದೆ ಹೋಗುವುದಿಲ್ಲ.

‘ಇನ್ನೊಂದು ಸಲ ಮಾಡ್ತೀನಿ. ಬಿಸಿಲುಗಾಲ, ತಂಪಾಗತ್ತೆ.’

ಪಾಂಡವಪುರದ ಹಾಡಹಗಲಿನಲ್ಲಿ, ರಿಬ್ಬನ್ನು ಕೊಳ್ಳಲು ಬಂದ ಇಬ್ಬರು ಕಾಲೇಜು ಹುಡುಗಿಯರ ಎದುರಿನಲ್ಲಿ, ಅಣ್ಣಮ್ಮ ಗುರುತಿಲ್ಲದ ಮೇಷ್ಟ್ರ ಕೆನ್ನೆಗೆ ನೊರೆ ಹಚ್ಚಿದಳು. ಮೊದಲು ನೆನೆಸುವುದು, ಹಿಂಡದೆ ಕೊಡವುವುದು, ಸಾಬೂನಿನ ಮೇಲೆ ಸುತ್ತುವುದು, ಕೆನ್ನೆಯ ಮೇಲೆ ಒತ್ತದೆ ಆಡಿಸುವುದು, ಸ್ಕೇಲನ್ನು ಓರೆಯಾಗಿ ಹಿಡಿಯುವುದು. ಮೂರು ಸಲ ಹಚ್ಚಿಸಿ ಮೂರು ಸಲ ತೆಗೆಸಿದರು. ನಾಲ್ಕನೆಯ ಸಲ ‘ಪಾಸು’ ಎಂದರು. ಬಸ್ಸಿನಲ್ಲಿ ಅಣ್ಣಮ್ಮ ಚೀಲವನ್ನು ಮಡಿಲಲ್ಲಿಟ್ಟುಕೊಂಡು ಕೂತಳು. ತನ್ನಂಥವಳಿಗಾಗಿ ಆ ಮೇಷ್ಟ್ರು ಮುಖವನ್ನೇ ಕೊಟ್ಟರಲ್ಲ, ಈಗ ಮತ್ತೆ ಬಚ್ಚಲಿಗೆ ಹೋಗಿ ತಲೆಯ ಮೇಲೆ ನೀರು ಹುಯ್ದುಕೊಳ್ಳುತ್ತಿರಬೇಕಲ್ಲ ಎಂದು ದಾರಿಯುದ್ದಕ್ಕೂ ಅದೇ ನೆನೆದಳು.

ಮಾರನೆಯ ಬೆಳಗ್ಗೆ ಡೈರಿ ಕೆಲಸ ಮುಗಿಸಿ, ಕೆಂಪಣ್ಣನನ್ನು ಹಿತ್ತಲಿನ ಬಿಸಿಲಿನಲ್ಲಿ ಕೂರಿಸಿದಳು. ನಿಂಗರಾಜು ಕತ್ತರಿಯಲ್ಲಿ ಗಡ್ಡವನ್ನು ಮೊದಲು ಗಿಡ್ಡ ಮಾಡಿಕೊಟ್ಟು ದೂರ ನಿಂತ. ಅವನ ಕೈಯಲ್ಲಿ ಹತ್ತಿಯಿತ್ತು. ಅಣ್ಣಮ್ಮ ಉಗುರುಬೆಚ್ಚಗಿನ ನೀರಿನಲ್ಲಿ ಬಟ್ಟೆ ಅದ್ದಿ ಗಂಡನ ಕೆನ್ನೆಗೆ ಮೆಲ್ಲಗೆ ಒತ್ತಿ ಹಿಡಿದಳು.

‘ಏನಮ್ಮಿ, ಕೆಚ್ಚಲು ತೊಳ್ದಂಗೆ ತೊಳೀತಿದ್ದೀಯ? ನಾನೇನು ಹಸವಾ?’

‘ಹಸ ಆಗಿದ್ರೆ ಇಷ್ಟೊತ್ಗೆ ಹಾಲು ಕರ್ಕಂಡು ಓಗಿರ್ತಿದ್ದೆ. ಸುಮ್ಕಿರಿ.’

ನೊರೆ ಎದ್ದಿತು. ಮೊಸರು ಕಡೆದಾಗ ಏಳುವ ಹಾಗೆ, ದಪ್ಪಗೆ, ಬೆಳ್ಳಗೆ. ಕೆಂಪಣ್ಣ ಕಣ್ಣು ಮುಚ್ಚಿದ. ‘ಮೆತ್ತಗದೆ. ಏನ್ ಕೂದ್ಲು ಇದು?’

‘ಅರ್ಧ ಕುದ್ರೇದು. ಅರ್ಧ ಹಂದೀದು.’

ಅವನು ಕಣ್ಣು ಬಿಟ್ಟ. ಕಾಡುಹಂದಿಗಳು ಅವನ ಗದ್ದೆ ಹೊಕ್ಕು ಕಬ್ಬನ್ನು ನೆಲಕ್ಕೆ ಮಲಗಿಸಿದ ರಾತ್ರಿಗಳು ಒಂದೆರಡಲ್ಲ. ತಗಡು ಬಡಿದು, ಪಟಾಕಿ ಹೊಡೆದು, ಬೇಲಿ ಕಟ್ಟಿ ಸೋತವನು ಅವನು.

‘ಹಂದೀದಾ? ನಲವತ್ತು ವರ್ಷ ನನ್ನ ಕಬ್ಬು ತಿಂದ ಸೂಳೇಮಕ್ಕಳು, ಈಗ ಸೇವೆ ಮಾಡಾಕೆ ಬಂದವೇನ್ಲಾ ನಿಂಗ!’

ಸೊಟ್ಟಗಾದ ಬಾಯಿಯಲ್ಲೇ ಅವನು ನಕ್ಕ. ಭುಜ ಅಲುಗುವ ಹಾಗೆ ನಕ್ಕ. ಸಂಕ್ರಾಂತಿಯ ನಂತರ ಆ ಮನೆಯಲ್ಲಿ ಅಂಥ ನಗು ಕೇಳಿರಲಿಲ್ಲ. ಅಣ್ಣಮ್ಮ ರೇಜರನ್ನು ಎತ್ತಿ ಹಿಡಿದು ನಗು ನಿಲ್ಲುವ ತನಕ ಕಾದಳು. ಆಮೇಲೆ ಕಿವಿಯ ಪಕ್ಕದಿಂದ ಶುರುಮಾಡಿದಳು. ಕೆನ್ನೆ, ಮೀಸೆಯ ಅಂಚು, ಗಲ್ಲ. ದವಡೆಯ ಕೆಳಗೆ ಹಳೆಯ ಗಾಯದ ಗುರುತಿದ್ದ ಕಡೆ ಇನ್ನೊಮ್ಮೆ ನೊರೆ ಹಚ್ಚಿ, ಉಸಿರು ಹಿಡಿದು, ಒಂದೊಂದು ಬೆರಳಿನಗಲವೇ ಇಳಿಸಿದಳು. ಮುಖ ಒರೆಸಿದ ಟವಲನ್ನು ಕೆಂಪಣ್ಣ ಎಡಗೈಯಲ್ಲಿ ಕಿತ್ತುಕೊಂಡು ಬಿಡಿಸಿ ನೋಡಿದ. ತಿರುಗಿಸಿ ನೋಡಿದ. ಬಿಳಿಯ ಬಟ್ಟೆ ಬಿಳಿಯಾಗಿಯೇ ಇತ್ತು.

ಟವಲನ್ನು ತೊಡೆಗೆ ಹಾಕಿಕೊಂಡು ಅವನು ಎಡಗೈಯನ್ನು ಅವಳ ಮಣಿಕಟ್ಟಿನ ಮೇಲೆ ಇಟ್ಟ. ನಿಂಗರಾಜು ಹತ್ತಿಯನ್ನು ಜೇಬಿಗೆ ತುರುಕಿಕೊಂಡು ಕೊಟ್ಟಿಗೆಯ ಕಡೆ ಹೋದ.

ಸಂಜೆ ಅಣ್ಣಮ್ಮ ಡೈರಿಗೆ ಹೊರಟಾಗ ಹಜಾರದಿಂದ ಕೂಗು ಬಂತು. ‘ತಾಳು. ನಾನೂ ಬತ್ತೀನಿ.’

ಒಂದು ಕೈಯಲ್ಲಿ ಕ್ಯಾನು, ಇನ್ನೊಂದರಲ್ಲಿ ಅವನ ತೋಳು. ಡೈರಿ ಇನ್ನೂರು ಹೆಜ್ಜೆ ದೂರ. ನಾಲ್ಕು ಕಡೆ ನಿಂತರು. ಸಾಲಿನಲ್ಲಿ ನಿಂತಿದ್ದ ಮಂಚಮ್ಮ ತಿರುಗಿ ನೋಡಿದಳು.

‘ಓ ಕೆಂಪಣ್ಣ, ಮದುಮಗ ಇದ್ದಂಗವ್ನೆ ನೋಡ್ರವ್ವ! ಬಾ, ಮುಂದಕ್ಕೆ ಬಾ.’

‘ಸಾಲು ಮುರೀಬ್ಯಾಡ ಕಣಮ್ಮಿ’ ಎಂದು ಕೆಂಪಣ್ಣ ಗದರಿದ. ಅವನ ಮಾತು ತಡವರಿಸಿತು, ಯಾರೂ ಅದನ್ನು ಗಮನಿಸಲಿಲ್ಲ.

ಹಾಲು ಹಾಕಿ ವಾಪಸ್ಸು ಬರುವಾಗ ಕತ್ತಲಾಗಲು ಇನ್ನೂ ಹೊತ್ತಿತ್ತು. ನಾಲೆಯ ಕಡೆಯಿಂದ ತಣ್ಣನೆಯ ಗಾಳಿ ಬೀಸುತ್ತಿತ್ತು. ಅಣ್ಣಮ್ಮ ದಾರಿಯಲ್ಲಿ ಮನಸ್ಸಿನಲ್ಲೇ ಒಬ್ಬೊಬ್ಬರನ್ನೂ ನೆನೆದಳು: ನೀರಿನ ಲೋಟ ಕೊಟ್ಟ ಸುನಿತಾ, ಎರಡನೆಯ ಸಲ ಮಿಂದ ಮೇಷ್ಟ್ರು, ದೂರ ನಿಂತರೂ ಹೋಗದೇ ಇದ್ದ ಮಗ. ಅವರಿಗೆಲ್ಲ ಏನು ಕೊಟ್ಟರೆ ತೀರೀತು ಎಂದು ಲೆಕ್ಕ ಹಾಕಲು ಹೋಗಿ ಬಿಟ್ಟುಬಿಟ್ಟಳು. ಮುಂದಿನ ಸಲ ಬೆಣ್ಣೆ ಕಾಸಿದಾಗ ಒಂದು ಸೀಸೆ ತುಪ್ಪ ಒಯ್ಯಬೇಕು, ಅಷ್ಟೇ ಅವಳ ಮನಸ್ಸಿಗೆ ನಿಂತಿತು.

ಮನೆಯ ಬಾಗಿಲು ಬಂತು. ದಣಿದಿರುತ್ತಾನೆಂದು ಅಣ್ಣಮ್ಮ ಅವನ ತೋಳನ್ನು ಒಳಗಡೆಗೆ ತಿರುಗಿಸಿದಳು. ಕೆಂಪಣ್ಣ ತಿರುಗಲಿಲ್ಲ. ಬೀದಿಯ ಕೊನೆಯ ಅರಳಿಕಟ್ಟೆಯ ಕಡೆಗೆ ಗಲ್ಲ ಎತ್ತಿ ತೋರಿಸಿದ.

‘ಅಲ್ಲೀಗಂಟ ಓಗಿ ಬರಾನ ಕಣಮ್ಮಿ’ ಎಂದ.

ಅಣ್ಣಮ್ಮ ಖಾಲಿ ಕ್ಯಾನನ್ನು ಹೊಸ್ತಿಲ ಪಕ್ಕ ಇಟ್ಟು ಅವನ ಜೊತೆ ನಡೆದಳು.