ಆರನೆಯ ಕೊಕ್ಕೆ

ನನ್ನ ನಾದಿನಿಗೆ ಇಪ್ಪತ್ತು ವರ್ಷ. ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂತು ಗಾಜನ್ನು ಚೌಕಟ್ಟಿನ ಅಳತೆಗೆ ಅರೆಯುವುದು ಅವಳ ಕೆಲಸ. ಯಂತ್ರದ ಸದ್ದಿಗೆ ದಿನವಿಡೀ ಕಿವಿಗೆ ಹತ್ತಿ ಇಟ್ಟುಕೊಂಡಿರುತ್ತಾಳೆ. ಸಂಜೆ ಮನೆಯಲ್ಲೂ ಆ ಹತ್ತಿ ಇನ್ನೂ ಅಲ್ಲೇ ಇದೆಯೇನೋ ಎಂಬಂತಿರುತ್ತಾಳೆ. ಒಳ್ಳೆಯವಳು. ಮಗುವಿನ ಬಟ್ಟೆ ಒಣಗಿದ್ದರೆ ಹೇಳದೆಯೇ ಮಡಚಿಡುತ್ತಾಳೆ. ಆದರೆ ಹೋದ ಚಳಿಗಾಲದಲ್ಲಿ ಅವಳಿಗೆ ಮೂರು ದಿನ ಜ್ವರವಿತ್ತೆಂಬುದು ನನಗೆ ಗೊತ್ತಾದದ್ದು ಕಸದ ಬುಟ್ಟಿಯಲ್ಲಿ ಮಾತ್ರೆಯ ಖಾಲಿ ಹಾಳೆ ಸಿಕ್ಕಾಗ. ಹನ್ನೊಂದನೇ ವಯಸ್ಸಿಗೇ ತಾಯಿಯನ್ನು ಕಳೆದುಕೊಂಡು ಹಾಸ್ಟೆಲಿನಲ್ಲಿ ಬೆಳೆದವಳು. ಯಾರನ್ನೂ ಏನೂ ಕೇಳದಿರುವುದು ಅಲ್ಲೇ ಮೈಗೂಡಿರಬೇಕು.

ಅವಳಿಗಿರುವ ಒಂದೇ ಹುಚ್ಚೆಂದರೆ ಗೋಡೆ ಹತ್ತುವುದು. ಹಳೆಯ ಗೋದಾಮೊಂದನ್ನು ಅದಕ್ಕೆಂದೇ ಸಜ್ಜು ಮಾಡಿದ್ದಾರೆ. ಮೂರು ವರ್ಷ ಅಲ್ಲಿ ಬೌಲ್ಡರಿಂಗ್ ಮಾಡಿದಳು. ಎರಡಾಳೆತ್ತರದ ಗೋಡೆ, ಹಗ್ಗವಿಲ್ಲ, ಬಿದ್ದರೆ ಕೆಳಗೆ ದಪ್ಪ ಹಾಸು. ಯಾರ ಹಂಗೂ ಬೇಕಿಲ್ಲ.

ಈ ವರ್ಷ ಪಕ್ಕದ ಎತ್ತರದ ಗೋಡೆಯ ಮೇಲೆ ಕಣ್ಣು ಬಿತ್ತು. ಅದು ಸ್ಪೋರ್ಟ್ ಕ್ಲೈಂಬಿಂಗ್. ಸೊಂಟಕ್ಕೆ ಹಗ್ಗ ಕಟ್ಟಿಕೊಂಡು, ದಾರಿಯಲ್ಲಿರುವ ಕೊಕ್ಕೆಗಳಿಗೆ ಅದನ್ನು ಸಿಕ್ಕಿಸುತ್ತ ಮೇಲೇರಬೇಕು. ಬಿದ್ದರೆ ತಡೆಯಲು ಕೆಳಗೊಬ್ಬರು ಹಗ್ಗ ಹಿಡಿದಿರಬೇಕು. ಹತ್ತುವ ಮೊದಲು ಹತ್ತುವವರು, ಹಿಡಿಯುವವರು ಒಬ್ಬರ ಹಗ್ಗದ ಗಂಟು, ಸೊಂಟಪಟ್ಟಿಯ ಬೀಗವನ್ನು ಇನ್ನೊಬ್ಬರು ಮುಟ್ಟಿ ನೋಡಿ, ಬಾಯಿಬಿಟ್ಟು 'ಸರಿ' ಅನ್ನಬೇಕು. ನಮ್ಮವಳು ಮೊದಲ ದಿನವೇ, ಹಗ್ಗ ಹಿಡಿಯಬೇಕಿದ್ದ ಜೊತೆಗಾತಿ ಇನ್ನೂ ಸೊಂಟಪಟ್ಟಿ ಬಿಗಿಯುತ್ತಿರುವಾಗ, ಹಳೇ ರೂಢಿಯಂತೆ ತನ್ನ ಪಾಡಿಗೆ ತಾನು ಹತ್ತಿಬಿಟ್ಟಳಂತೆ. ಅಲ್ಲಿ ಕಲಿಸುವ ಮೇಷ್ಟ್ರು ಇಳಿಸಿ ಮನೆಗೆ ಕಳಿಸಿದರು. ಆ ಜೊತೆಗಾತಿ, ಇವಳ ಸಹವಾಸವೇ ಬೇಡ ಎಂದಳು.

ಇಷ್ಟನ್ನು ಅವಳಿಂದ ಕಕ್ಕಿಸಲು ನನಗೆ ಒಂದು ಬುಟ್ಟಿ ಬಟಾಣಿ ಸುಲಿಯುವಷ್ಟು ಹೊತ್ತು ಹಿಡಿಯಿತು. ಇನ್ನು ಯಾರು ಹಿಡೀತಾರೆ ಎಂದೆ. ಯಾರೂ ಇಲ್ಲ ಎಂದಳು, ಮಳೆ ಬರುತ್ತಿಲ್ಲ ಎನ್ನುವಷ್ಟೇ ಸಲೀಸಾಗಿ.

"ನಾನು ಹಿಡೀತೀನಿ."

"ನಿಮಗೆ ಮಗು ಇದೆಯಲ್ಲ, ಅತ್ತಿಗೆ."

"ಮಗುಗೆ ಅಪ್ಪ ಅಂತಲೂ ಒಬ್ರು ಇದಾರೆ."

ಅವಳಿಗಾಗಿ ಮಾತ್ರ ಹೊರಟೆ ಎಂದು ಬರೆದರೆ ಸುಳ್ಳಾದೀತು. ಮಗು ಹುಟ್ಟಿದ ಮೇಲೆ ನಾನೂ ಭಾನುವಾರಗಳನ್ನು ಕಿಟಕಿಯ ಹತ್ತಿರವೇ ಕಳೆಯುತ್ತಿದ್ದೆ. ಎರಡು ವಾರ ಹಗ್ಗ ಹಿಡಿಯುವುದನ್ನು ಕಲಿತೆ. ಹೆರಿಗೆಯಾದಾಗಿನಿಂದ ಇಳಿಯದ ತೂಕ ಕೊನೆಗೂ ಒಂದು ಉಪಯೋಗಕ್ಕೆ ಬಂತು. ಮೇಷ್ಟ್ರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಹಗ್ಗ ಹಿಡಿಯೋರು ಭಾರ ಇದ್ದಷ್ಟೂ ಒಳ್ಳೇದು, ಸದ್ಯಕ್ಕೆ ಹೀಗೇ ಇರಿ ಎಂದರು.

ಹಗ್ಗದ ಗೋಡೆ ಹತ್ತಲು ಅನುಮತಿಯ ಚೀಟಿ ಸಿಗಬೇಕಾದರೆ ಒಂದು ಪರೀಕ್ಷೆಯಿದೆ. ಆರನೆಯ ಕೊಕ್ಕೆ ದಾಟಿದ ಮೇಲೆ, ಕೆಳಗಿನವರಿಗೆ ಕೂಗಿ ಹೇಳಿ, ಬೇಕೆಂದೇ ಕೈಬಿಟ್ಟು ಬೀಳಬೇಕು. ಅವಳಿಗೆ ನಾಲ್ಕು ಭಾನುವಾರ ಕೊಟ್ಟರು. ಅಷ್ಟರಲ್ಲಿ ಆಗದಿದ್ದರೆ ಅವಳ ಜಾಗ ಇನ್ನೊಬ್ಬರಿಗೆ.

ಮೊದಲ ಮೂರು ಭಾನುವಾರವೂ ಅವಳು ಆರನೆಯ ಕೊಕ್ಕೆ ದಾಟಿದಳು, ಅಲ್ಲಿ ನಿಂತಳು, ಆಮೇಲೆ ಹಿಡಿತ ಹಿಡಿತವಾಗಿ ಇಡೀ ಗೋಡೆ ಇಳಿದು ಬಂದಳು. ಇಳಿಯುವುದು ಹತ್ತುವುದಕ್ಕಿಂತ ಕಷ್ಟವಂತೆ. ಬೆರಳ ತುದಿ ಸುಲಿದು ಹೋಗಿತ್ತು. ಹಗ್ಗ ನನ್ನ ಕೈಯಲ್ಲಿ ಸುಮ್ಮನೆ ಜೋತುಬಿದ್ದಿತ್ತು. ಬೆಂಚಿನ ಮೇಲೆ ಮಗುವನ್ನು ಎತ್ತಿಕೊಂಡಿದ್ದ ನನ್ನ ಗಂಡ, "ನಮ್ಮನೇಲಿ ಹಲ್ಲಿ ಸಾಕಿದೀವಿ," ಎಂದರು. ಯಾರೂ ನಗಲಿಲ್ಲ.

ಮೂರನೆಯ ಸಲ ವಾಪಸಾಗುವಾಗ ಬಸ್ಸಿನಲ್ಲಿ ಕೇಳಿದೆ, ಹಾಸಿನ ಮೇಲೆ ಸಾವಿರ ಸಲ ಬಿದ್ದವಳಿಗೆ ಇದೇನು ದೊಡ್ಡದು ಅಂತ. ಅವಳು ಕಿಟಕಿಯಾಚೆ ನೋಡುತ್ತಲೇ ಹೇಳಿದಳು.

"ಹಾಸು ಎಲ್ಲಿಗೂ ಎದ್ದು ಹೋಗಲ್ಲ, ಅತ್ತಿಗೆ."

ಅವಳ ಬೆರಳಿಗೆ ಮಗುವಿನ ಮುಲಾಮು ಹಚ್ಚಿಕೊಟ್ಟೆ.

ಇವತ್ತು ಕೊನೆಯ ಭಾನುವಾರ. ಅವಳ ಗಂಟನ್ನು ನಾನು ಮುಟ್ಟಿ ನೋಡಿದೆ. ನನ್ನ ಸೊಂಟದ ಬೀಗವನ್ನು ಅವಳು ಎರಡು ಸಲ ನೋಡಿದಳು. ಇಬ್ಬರೂ 'ಸರಿ' ಅಂದೆವು. ಹತ್ತಿದಳು. ಆರನೆಯ ಕೊಕ್ಕೆ ದಾಟಿ ನಿಂತಳು. ಅಷ್ಟರಲ್ಲಿ ಬೆಂಚಿನ ಮೇಲೆ ಮಗು ಅಳಲು ಶುರುಮಾಡಿತು, ಹಸಿವಿನ ಅಳು. ಅವಳಿಗೂ ಅದು ಕೇಳಿಸಿತು. ತಲೆ ಒಂಚೂರು ಕೆಳಗೆ ವಾಲಿತು; ನಾನೆಲ್ಲಿ ಹಗ್ಗ ಬಿಟ್ಟು ಮಗುವಿನ ಕಡೆ ಹೋಗಿಬಿಡುತ್ತೇನೋ ಎಂದುಕೊಂಡಳು, ನನಗೆ ಗೊತ್ತು. ಕಾಲು ಇಳಿಯುವ ಹಿಡಿತವನ್ನು ಹುಡುಕತೊಡಗಿತು. ನಾನು ಕದಲಲಿಲ್ಲ. ಮಗು ಅಳಲಿ ಎಂದು ಮನಸ್ಸು ಗಟ್ಟಿಮಾಡಿದೆ.

ಕಾಲು ನಿಂತಿತು.

"ಅತ್ತಿಗೆ, ಹಿಡ್ಕೊಂಡಿದೀರಾ?"

ನಮ್ಮ ಮನೆಗೆ ಬಂದ ಎರಡು ವರ್ಷದಲ್ಲಿ ಅವಳು ನನ್ನನ್ನು ಕೇಳಿದ ಮೊದಲ ಪ್ರಶ್ನೆ ಅದು.

"ಹಿಡ್ಕೊಂಡಿದೀನಿ ಕಣೇ."

"ಬಿಡ್ತೀನಿ."

ಹಗ್ಗ ಬಿಗಿಯಿತು, ನನ್ನ ಹಿಮ್ಮಡಿ ನೆಲ ಬಿಟ್ಟಿತು, ಮತ್ತೆ ಕೂತಿತು. ಅವಳು ಗೋಡೆಯ ಕಡೆ ಮುಖಮಾಡಿ ತೂಗುತ್ತಿದ್ದಳು. ಬೆನ್ನು ಮಾತ್ರ ಕಾಣುತ್ತಿತ್ತು. ಮೇಷ್ಟ್ರು ಚೀಟಿಗೆ ಸಹಿ ಹಾಕಿದರು. ಇಳಿಸಲಾ ಎಂದು ಕೇಳಿದೆ.

"ಇನ್ನೊಂದು ಸ್ವಲ್ಪ ಹೊತ್ತು."

ಮಗು ಅಳುತ್ತಲೇ ಇತ್ತು. ನಾನು ಹಿಡಿದುಕೊಂಡೇ ನಿಂತಿದ್ದೆ.