ದಿಲ್ಲಿಗೆ ಬರೆದ ಅರ್ಜಿ

ಇದನ್ನು ಇಷ್ಟು ವರ್ಷ ಯಾರಿಗೂ ಹೇಳಿಲ್ಲ. ಹೇಳಲು ನಾಚಿಕೆ, ಅಷ್ಟೇ.

ಬಳ್ಳಾರಿ ಮದ್ರಾಸು ಬಿಟ್ಟು ಮೈಸೂರಿಗೆ ಸೇರುವುದಿದ್ದ ವರ್ಷ ನಾನು ಸಿರುಗುಪ್ಪದ ತಾಲ್ಲೂಕು ಕಚೇರಿಯ ಎದುರು ಕೂತು ಜನರಿಗೆ ಅರ್ಜಿ ಬರೆದುಕೊಡುತ್ತಿದ್ದೆ. ಇಂಗ್ಲಿಷು ಬರುತ್ತಿತ್ತು, ಅದರ ಸೊಕ್ಕೂ ಇತ್ತು. ಒಂದು ದಿನ ಒಬ್ಬ ವಯಸ್ಸಾದ ಹೆಂಗಸು ಬಂದಳು. ಕುರುಗೋಡಿನಿಂದ ಇಲ್ಲಿಗೆ ಸೊಸೆಯಾಗಿ ಬಂದವಳು, ಗಂಡ ತೀರಿಕೊಂಡಿದ್ದ. ಅವನ ಕಾಲದಿಂದ ಉಳುತ್ತಿದ್ದ ಎರಡು ಎಕರೆ ಸರ್ಕಾರಿ ಜಮೀನಿಗೆ ಬೇರೊಬ್ಬನ ಹೆಸರಲ್ಲಿ ಪಟ್ಟಾ ಆಗಿತ್ತು. ಇವಳ ಹತ್ತಿರ ಒಂದು ಕಾಗದವೂ ಇರಲಿಲ್ಲ. ತಿಂಗಳೊಳಗೆ ಮೇಲಿನವರಿಗೆ ಅರ್ಜಿ ಹೋದರೆ ಮಾತ್ರ ಹೊಲ ಉಳಿಯುವ ಆಸೆ.

"ಬಳ್ಳಾರಿ ಕಲೆಕ್ಟರ್ ಸಾಹೇಬ್ರಿಗೆ ಬರಿಸು ಅಂತ ಗುಮಾಸ್ತ ಹೇಳ್ಯಾನ್ರಿ ಯಪ್ಪಾ," ಎಂದಳು.

ನಾನು ನಕ್ಕೆ. "ಯವ್ವಾ, ಆ ಕಲೆಕ್ಟರು ಇವತ್ತು ಮದ್ರಾಸಿನವ, ನಾಳಿ ಮೈಸೂರಿನವ. ಅವನ ಕುರ್ಚಿನ ಅಳ್ಳಾಡಾಕ ಹತ್ತೈತಿ. ನಮ್ಮನ್ನ ಯಾರಿಗೆ ಕೊಡಬೇಕಂತ ಹೇಳೋರು ಯಾರು? ದಿಲ್ಲಿಯವ್ರು. ಸೀದಾ ಅಲ್ಲಿಗೇ ಬರಿಯೋಣು."

ಪಕ್ಕದ ಚಹಾದಂಗಡಿಯವನು ಕೂಗಿದ: "ಏನಲೇ ವಕೀಲಾ, ಮುದಿಕಿ ಎರಡೆಕ್ರಿ ಅಳಿಯಾಕ ದಿಲ್ಲಿಯಿಂದ ಸರಪಣಿ ತರಸ್ತಿಯೇನು?"

ಎಲ್ಲರೂ ನಕ್ಕರು. ನನಗೆ ಹಟ ಬಂತು. ಮೂರು ಪುಟ ಇಂಗ್ಲಿಷಿನಲ್ಲಿ ಬರೆದು, ಅವಳ ಹೆಬ್ಬೆಟ್ಟು ಒತ್ತಿಸಿ, ನಾನೇ ಅಂಚೆಗೆ ಹಾಕಿದೆ.

ಉತ್ತರ ನನ್ನ ವಿಳಾಸಕ್ಕೇ ಬಂತು. ಎರಡೇ ಸಾಲು: ಜಮೀನು ರಾಜ್ಯ ಸರ್ಕಾರಕ್ಕೆ ಸೇರಿದ ವಿಷಯ, ಅಲ್ಲಿಯೇ ಕೇಳಿಕೊಳ್ಳಿ. ನಮ್ಮ ಜಿಲ್ಲೆಯನ್ನೇ ಎತ್ತಿ ಯಾವ ರಾಜ್ಯಕ್ಕಾದರೂ ಕೊಡಬಲ್ಲ ದಿಲ್ಲಿಗೆ ಈ ಎರಡೆಕರೆ ಮುಟ್ಟುವ ಅಧಿಕಾರ ಇರಲಿಲ್ಲ. ಗುಮಾಸ್ತನಿಗೆ ಗೊತ್ತಿದ್ದದ್ದು ನನಗೆ ಗೊತ್ತಿರಲಿಲ್ಲ.

ತಿಂಗಳು ಮುಗಿಯಲು ಇನ್ನೂ ನಾಲ್ಕು ದಿನ ಇತ್ತು. ಬೆಳಗಿನ ಬಸ್ಸು ಹತ್ತಿದ್ದರೆ ಮಧ್ಯಾಹ್ನದೊಳಗೆ ಬಳ್ಳಾರಿ. ಹತ್ತಲಿಲ್ಲ. ಆ ಚಹಾದಂಗಡಿಯವನ ಮುಂದೆ ತಪ್ಪೊಪ್ಪಿಕೊಳ್ಳಬೇಕಿತ್ತಲ್ಲ! ಅವಳು ಬಂದು ಕೇಳಿದಾಗ, "ದಿಲ್ಲಿಯಾಗ ನೋಡಾಕ ಹತ್ಯಾರವ್ವಾ," ಎಂದುಬಿಟ್ಟೆ. ಆಗ ಆ ಕಾಗದ ನನ್ನ ಜೇಬಿನಲ್ಲೇ ಇತ್ತು.

ಹೊಲ ಹೋಯಿತು. ಹೊಸಬ ಬೇಲಿ ಹಾಕಿದ ದಿನ ಅವಳು ಬಂದಳು. ಬೈಯುತ್ತಾಳೆ ಎಂದುಕೊಂಡೆ, ಬೈದಿದ್ದರೆ ಚೆನ್ನಾಗಿತ್ತು. ಸೆರಗಿನಲ್ಲಿ ಕಟ್ಟಿಕೊಂಡು ಬಂದಿದ್ದ ಶೇಂಗಾ ನನ್ನ ಮುಂದೆ ಸುರಿದು, "ನೀವರ ಏನ್ ಮಾಡ್ತೀರಿ ಯಪ್ಪಾ, ಕೈಲಾದ್ದು ಮಾಡೀರಿ. ಆ ದಿಲ್ಲಿಯವ್ರಿಗೇ ಕರುಣಿ ಇಲ್ಲ," ಎಂದಳು.

"ಹೌದವ್ವಾ," ಎಂದೆ ನಾನು. "ಅವ್ರಿಗೆ ಕರುಣಿ ಇಲ್ಲ."